ಕನೆಕ್ಟರ್ ಮೇಲಿನ 60 ಮತ್ತು ಬೆಸುಗೆಯ ಗಟ್ಟಿತನ

ಮಾದರಿ ವಿಮಾನ ಕಟ್ಟುವವರು ಮೋಟಾರು, ಪ್ರೊಪೆಲ್ಲರ್, ಬ್ಯಾಟರಿ ಯಾವುದಿರಬೇಕೆಂದು ವಾರಗಟ್ಟಲೆ ಲೆಕ್ಕ ಹಾಕುತ್ತಾರೆ. ಬ್ಯಾಟರಿಯನ್ನು ಇಎಸ್‌ಸಿಗೆ, ಅಂದರೆ ಮೋಟಾರಿನ ವೇಗ ನಿಯಂತ್ರಿಸುವ ಪುಟ್ಟ ಬೋರ್ಡಿಗೆ, ಸೇರಿಸುವ ಕನೆಕ್ಟರ್ ವಿಷಯಕ್ಕೆ ಬಂದಾಗ ಮಾತ್ರ ಸಿಕ್ಕಿದ್ದರಲ್ಲೇ ಸಮಾಧಾನ. ಮೈಸೂರಿನ ದೇವರಾಜ ಮೊಹಲ್ಲಾದ ಅಂಗಡಿಗಳಿಗೆ ಎಲೆಕ್ಟ್ರಾನಿಕ್ಸ್ ಸಾಮಾನು ಹುಡುಕಿಕೊಂಡು ಬರುವ ಎಂಜಿನಿಯರಿಂಗ್ ಹುಡುಗರಲ್ಲೂ, ಏರೋಮಾಡೆಲಿಂಗನ್ನು ಪಠ್ಯವಾಗಿಯೇ ಕಲಿಯುವ ಎನ್‌ಸಿಸಿ ವಾಯು ವಿಭಾಗದ ಕೆಡೆಟ್‌ಗಳಲ್ಲೂ ಇದೇ ರೂಢಿ. ಇದು ಸರಿಯಲ್ಲ.

ಕಲಿಕೆಯ ವಿಮಾನದಲ್ಲಿ ರಿಸೀವರ್‌ಗೂ, ರಡ್ಡರ್, ಎಲಿವೇಟರ್ ಅಲುಗಿಸುವ ಸರ್ವೋಗಳಿಗೂ ಸಾಮಾನ್ಯವಾಗಿ ಬೇರೆ ಬ್ಯಾಟರಿ ಇರುವುದಿಲ್ಲ. ಇಎಸ್‌ಸಿಯೊಳಗಿನ ಬಿಇಸಿ, ಅಂದರೆ ಬ್ಯಾಟರಿಯ ವೋಲ್ಟೇಜ್ ಇಳಿಸುವ ಸರ್ಕ್ಯೂಟ್, ಅವಕ್ಕೂ 5 ವೋಲ್ಟ್ ಕೊಡುತ್ತದೆ. ಹಾರಾಟದ ನಡುವೆ ಕನೆಕ್ಟರ್ ಕೈಕೊಟ್ಟರೆ ಮೋಟಾರಿನ ಜೊತೆಗೆ ರಡ್ಡರ್, ಎಲಿವೇಟರ್ ಕೂಡ ಮಾತು ಕೇಳುವುದನ್ನು ಬಿಡುತ್ತವೆ. ಬರೀ ಮೋಟಾರು ನಿಂತ ವಿಮಾನವನ್ನು ತೇಲಿಸಿಕೊಂಡು ಇಳಿಸಬಹುದು. ಹೀಗೆ ಹಿಡಿತವೇ ತಪ್ಪಿದ ವಿಮಾನ ಎಲ್ಲಿ, ಯಾರ ಮೇಲೆ ಬೀಳುತ್ತದೆಂದು ಹೇಳುವಂತಿಲ್ಲ.

ಆಯ್ಕೆಗಳು ಬಹಳವೇನಿಲ್ಲ. ಚಿಕ್ಕ ಕೆಂಪು ಜೆಎಸ್‌ಟಿ ಮೂರು ಆಂಪಿಯರ್ ಆಸುಪಾಸಿಗಷ್ಟೇ. ಬಿಡಿ ಬುಲೆಟ್ ಪಿನ್‌ಗಳು ಕರೆಂಟನ್ನು ಚೆನ್ನಾಗಿ ಹರಿಸುತ್ತವೆ, ಆದರೆ ಪ್ಲಸ್ ಮೈನಸ್ ಅದಲುಬದಲಾಗದಂತೆ ತಡೆಯುವ ಏರ್ಪಾಡು ಅವಕ್ಕಿಲ್ಲ. ಒಮ್ಮೆ ಉಲ್ಟಾ ಸಿಕ್ಕಿಸಿದರೆ ಇಎಸ್‌ಸಿ ಸುಟ್ಟ ಹಾಗೆಯೇ. ಮೋಟಾರಿನ ಮೂರು ತಂತಿಗಳಿಗೆ ಅವು ಇರಲಿ (ಅಲ್ಲಿ ಎರಡು ತಂತಿ ಅದಲುಬದಲಾದರೆ ಮೋಟಾರು ಉಲ್ಟಾ ತಿರುಗುತ್ತದೆ, ಅಷ್ಟೇ), ಬ್ಯಾಟರಿಗೆ ಬೇಡ. ಡೀನ್ಸ್ ಮಾದರಿಯ ಟಿ-ಪ್ಲಗ್ ಬಹುಕಾಲ ಈ ಹವ್ಯಾಸಿಗಳ ಮೆಚ್ಚಿನ ಕನೆಕ್ಟರ್ ಆಗಿತ್ತು. ಕರೆಂಟ್ ಹರಿಸುವುದರಲ್ಲಿ ಅದರ ಬಗ್ಗೆ ನನ್ನ ತಕರಾರಿಲ್ಲ. ಕಳಚುವಾಗ ಬೆರಳಿಗೆ ಹಿಡಿತ ಸಿಗುವುದಿಲ್ಲ, ಅದೇ ತೊಂದರೆ. ಹುಡುಗರು ತಂತಿ ಹಿಡಿದೇ ಎಳೆಯುತ್ತಾರೆ, ಬೆಸುಗೆ ಸಡಿಲವಾಗುವುದು ಅಲ್ಲಿಂದ ಶುರು. ಹಳದಿ ಬಣ್ಣದ ಎಕ್ಸ್‌ಟಿ-60ರಲ್ಲಿ ಹಿಡಿಯಲು ಜಾಗವಿದೆ. ಒಂದು ಬದಿಯ ಮೂಲೆಗಳು ಓರೆಯಾಗಿರುವುದರಿಂದ ಉಲ್ಟಾ ಕೂರುವುದೂ ಇಲ್ಲ. ಮೂರು ಸೆಲ್‌ನ 2200 ಎಂಎಎಚ್ ಲಿಪೋ ಬ್ಯಾಟರಿ, 30 ಆಂಪಿಯರ್ ಇಎಸ್‌ಸಿ ಇರುವ ವಿಮಾನಕ್ಕೆ ನಾನು ಇದನ್ನೇ ಹೇಳುತ್ತೇನೆ.

ಹಾಗೆಂದು ಹೆಸರಿನಲ್ಲಿರುವ 60ನ್ನು ನಂಬಿ ಕೂರಬಾರದು. ಚೀನಾದ ತಯಾರಕ ಕಂಪನಿ ಅಮಾಸ್ ಕೂಡ ನಿರಂತರ ಬಳಕೆಗೆ 30 ಆಂಪಿಯರ್, ಕ್ಷಣಕಾಲಕ್ಕೆ 60 ಎಂದೇ ಹೇಳುತ್ತದೆ. ಕರೆಂಟ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಪಿನ್ನಿನ ರೋಧ ಅರ್ಧ ಮಿಲಿಓಮ್ ಇದ್ದರೆ 30 ಆಂಪಿಯರ್‌ಗೆ ಹುಟ್ಟುವ ಶಾಖ ಅರ್ಧ ವ್ಯಾಟಿಗೂ ಕಡಿಮೆ. ಬೆಸುಗೆ ಕೆಟ್ಟು ಅದು 5 ಮಿಲಿಓಮ್ ಆಯಿತೆನ್ನಿ, ನಾಲ್ಕೂವರೆ ವ್ಯಾಟ್. ಕಡಲೆಕಾಳಿನಷ್ಟು ಜಾಗದಲ್ಲಿ ಅಷ್ಟು ಶಾಖ ಸೇರಿದರೆ ನೈಲಾನ್ ಮೆತ್ತಗಾಗುತ್ತದೆ, ಪಿನ್ ವಾಲುತ್ತದೆ, ಹಿಡಿತ ತಪ್ಪಿ ರೋಧ ಇನ್ನೂ ಏರುತ್ತದೆ.

ಬೆಸುಗೆ ಕೆಡುವುದು ಹೆಚ್ಚಾಗಿ 25 ವ್ಯಾಟಿನ ಐರನ್‌ನಿಂದ. ದಪ್ಪ ತಾಮ್ರದ ತಂತಿ ಅದರ ಶಾಖವನ್ನೆಲ್ಲ ಹೀರಿಬಿಡುತ್ತದೆ. ಮೇಲೆ ಸೋಲ್ಡರ್ ಬೂದು ಬಣ್ಣಕ್ಕೆ ತಿರುಗಿ ಗುಂಡಗೆ ಕೂತಿರುತ್ತದೆ, ಒಳಗಿನ ಎಳೆಗಳಿಗೆ ತಾಗಿಯೇ ಇರುವುದಿಲ್ಲ. 60 ವ್ಯಾಟಿನ ಐರನ್, ಅಗಲ ಮೂತಿಯ ಬಿಟ್ ಇದ್ದರೆ ಕೆಲವೇ ಸೆಕೆಂಡಿನ ಕೆಲಸ. ಮೊದಲು ತಂತಿಗೆ ಸೋಲ್ಡರ್ ಕುಡಿಸಬೇಕು, ಪಿನ್ನಿನ ಬಟ್ಟಲನ್ನು ಅರ್ಧ ತುಂಬಬೇಕು, ಆಮೇಲೆ ಎರಡನ್ನೂ ಒಟ್ಟಿಗೆ ಕರಗಿಸಿ ಕೂರಿಸಿ, ಗಟ್ಟಿಯಾಗುವವರೆಗೆ ತಂತಿ ಅಲುಗದಂತೆ ಹಿಡಿಯಬೇಕು. ಎದುರಿನ ಜೋಡಿಯನ್ನು ಸಿಕ್ಕಿಸಿಟ್ಟುಕೊಂಡು ಬೆಸೆದರೆ ನೈಲಾನ್ ಬಿಸಿಯಾದರೂ ಪಿನ್‌ಗಳು ಸಾಲು ತಪ್ಪುವುದಿಲ್ಲ. ಆ ಜೋಡಿ ಬ್ಯಾಟರಿಗೆ ಸೇರಿದ್ದಾಗಿರಬಾರದು, ಬಿಡಿಯಾಗಿರಬೇಕು.

ಇನ್ನು ಅಡಾಪ್ಟರ್. ಬ್ಯಾಟರಿಯದು ಟಿ-ಪ್ಲಗ್, ಇಎಸ್‌ಸಿಯದು ಎಕ್ಸ್‌ಟಿ-60, ನಡುವೆ ಗೇಣುದ್ದದ ತಂತಿ. ಚಾರ್ಜರ್ ಬಳಿ ಇದ್ದರೆ ಪರವಾಗಿಲ್ಲ. ವಿಮಾನದೊಳಗೆ ಅದು ನಾಲ್ಕು ಹೊಸ ಬೆಸುಗೆಗಳನ್ನೂ ಸಡಿಲವಾಗಬಹುದಾದ ಇನ್ನೊಂದು ಜೋಡಣೆಯನ್ನೂ ತರುತ್ತದೆ. ಕಾಲೇಜಿನ ತಂಡ ತನ್ನೆಲ್ಲ ಬ್ಯಾಟರಿಗಳಿಗೂ ಒಂದೇ ಕನೆಕ್ಟರ್ ಹಾಕಿಕೊಂಡರೆ ಇದರ ಅಗತ್ಯವೇ ಬೀಳುವುದಿಲ್ಲ. ಬದಲಿಸುವಾಗ ಬ್ಯಾಟರಿಯ ಎರಡೂ ತಂತಿಗಳನ್ನು ಒಟ್ಟಿಗೆ ಕತ್ತರಿಸಕೂಡದು. ಕತ್ತರಿಯ ಅಲಗಿನಲ್ಲೇ ಶಾರ್ಟ್ ಆಗುತ್ತದೆ. ಒಂದನ್ನು ಕತ್ತರಿಸಿ, ಬೆಸೆದು, ಶ್ರಿಂಕ್ ಸ್ಲೀವ್ ಮುಚ್ಚಿ, ಆಮೇಲಷ್ಟೇ ಇನ್ನೊಂದಕ್ಕೆ ಕೈಹಾಕಬೇಕು.