ಕಾಗದದ ಕುದುರೆಗಳು

1968ರಲ್ಲಿ ಫೋರ್ಡ್ ಕಂಪನಿ ಮಸ್ಟಾಂಗ್ ಕಾರಿಗೆ 428 ಘನ ಅಂಗುಲದ ಕೋಬ್ರಾ ಜೆಟ್ ಎಂಜಿನ್ ಕೂರಿಸಿ, ಇದರ ಶಕ್ತಿ 335 ಅಶ್ವಶಕ್ತಿ ಎಂದು ಬರೆದುಕೊಟ್ಟಿತು. ಕಾರು ಓಡಿಸಿದವರು ಯಾರೂ ಆ ಅಂಕಿ ನಂಬಲಿಲ್ಲ. 400ಕ್ಕೆ ಕಡಿಮೆ ಇರಲಾರದು ಎಂಬುದು ಅಂದಿನಿಂದಲೂ ಗ್ಯಾರೇಜುಗಳ ಮಾತು. ವ್ಯಾಪಾರಿ ಸುಳ್ಳು ಹೇಳಿದರೆ ಸರಕನ್ನು ಏರಿಸಿ ಹೇಳುವುದು ವಾಡಿಕೆ. ಇಲ್ಲಿ ಇಳಿಸಿ ಹೇಳಿದ್ದಕ್ಕೆ ಒಂದು ಕಾರಣ, ಶಕ್ತಿ ಹೆಚ್ಚಿದಷ್ಟೂ ಕಂತು ಏರಿಸುವ ವಿಮಾ ಕಂಪನಿಗಳು. ಇನ್ನೊಂದು, ನಮಗೆ ಬೇಕಾದದ್ದು, ಡ್ರ್ಯಾಗ್ ರೇಸ್, ಅಂದರೆ ನೇರ ಹಾದಿಯಲ್ಲಿ ಎರಡೆರಡೇ ಕಾರುಗಳ ಕಾಲು ಮೈಲಿ ಓಟ. ಅಮೆರಿಕದಲ್ಲಿ ಈ ಆಟ ನಡೆಸುವ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್, ಅಂದರೆ ಎನ್‌ಎಚ್‌ಆರ್‌ಎ, ಕಾರಿನ ತೂಕವನ್ನು ಅದರ ಅಶ್ವಶಕ್ತಿಯಿಂದ ಭಾಗಿಸಿ ವರ್ಗ ನಿಗದಿ ಮಾಡುತ್ತದೆ. ಕಾಗದದ ಮೇಲೆ ಕುದುರೆ ಕಡಿಮೆಯಾದಷ್ಟೂ ಎದುರಾಳಿ ನಿಧಾನದವನು ಸಿಗುತ್ತಾನೆ. ಆ ಮಸ್ಟಾಂಗ್ ಅಂಗಡಿಗೆ ಬರುವ ಮೊದಲೇ ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ ನಡೆದ ವಿಂಟರ್‌ನ್ಯಾಷನಲ್ಸ್‌ನಲ್ಲಿ ಅಲ್ ಜೋನಿಯೆಕ್ ಅದನ್ನು ಓಡಿಸಿ ಸೂಪರ್ ಸ್ಟಾಕ್ ಪ್ರಶಸ್ತಿ ಹೊಡೆದ.

ಅಂಥ ಹಳೆಯ ಮಸಲ್ ಕಾರನ್ನು ಬೀದಿಯಿಂದ ತಂದು, ನಿಯಮಪುಸ್ತಕದ ಪ್ರಕಾರ ರೇಸಿಗೆ ಸಜ್ಜುಮಾಡುವ ಕಸುಬು ಇವತ್ತಿಗೂ ನಡೆದಿದೆ. ಅದರ ಮುಖ್ಯ ಅಂಗಳ ಎನ್‌ಎಚ್‌ಆರ್‌ಎಯ ಸ್ಟಾಕ್ ಎಲಿಮಿನೇಟರ್ ವಿಭಾಗ. ಕಂಬಳದಲ್ಲಿ ಹಗ್ಗದ ಕೋಣಗಳನ್ನು ನೇಗಿಲಿನ ಕೋಣಗಳ ಜೊತೆ ಓಡಿಸುವುದಿಲ್ಲವಲ್ಲ, ಹಾಗೆ ಇಲ್ಲೂ ಒಂದೊಂದು ತೂಕ-ಶಕ್ತಿಯ ಲೆಕ್ಕಕ್ಕೆ ಒಂದೊಂದು ಇಂಗ್ಲಿಷ್ ಅಕ್ಷರ. ತೂಕ ಕಾರ್ಖಾನೆ ಹೇಳಿದ್ದು. ಭಾಗಿಸುವುದು ಸಂಘ ಒಪ್ಪಿದ ಅಶ್ವಶಕ್ತಿಯಿಂದ. ಹಾಗಾಗಿ ಈ ಕಸುಬಿನ ಮೊದಲ ಕೆಲಸ ಸ್ಪ್ಯಾನರ್ ಹಿಡಿಯುವುದಲ್ಲ, ಪಟ್ಟಿ ಓದುವುದು. ಯಾವ ವರ್ಷದ ಯಾವ ಬಾಡಿಗೆ ಯಾವ ಎಂಜಿನ್ ಬಂದಿತ್ತು, ಯಾವುದರ ಶಕ್ತಿಯನ್ನು ಇನ್ನೂ ಕಡಿಮೆ ಬರೆದಿದ್ದಾರೆ ಎಂದು ಹುಡುಕುವವನೇ ಅರ್ಧ ರೇಸ್ ಗೆದ್ದ ಹಾಗೆ. 'ಗ್ರಂಪಿ' ಎಂದೇ ಹೆಸರಾದ ಬಿಲ್ ಜೆಂಕಿನ್ಸ್ 1966ರಲ್ಲಿ 327 ಘನ ಅಂಗುಲದ ಪುಟ್ಟ ಎಂಜಿನ್ನಿನ ಷೆವಿ ಟೂ ಕಾರನ್ನು ಹಿಡಿದು 426ರ ಹೆಮಿ ಪ್ಲಿಮತ್‌ಗಳ ಎದುರು ಒಂದೇ ವರ್ಗದಲ್ಲಿ ನಿಂತದ್ದು ಈ ಗಣಿತದ ಬಲದಿಂದ: ಕಾರು ಹಗುರ, ಭಾಗಾಕಾರದ ಉತ್ತರ ಹೆಚ್ಚುಕಡಿಮೆ ಅದೇ.

ಪಟ್ಟಿ ಮುಗಿದ ಮೇಲೆ ಗ್ಯಾರೇಜು. ಈ ವಿದ್ಯೆಯ ಬಗ್ಗೆ ನನಗೆ ನಿಜವಾದ ಗೌರವ ಹುಟ್ಟುವುದು ಇಲ್ಲಿ. ನಿಯಮ ಬಿಗಿ. ಹೆಡ್ಡು ಕಾರ್ಖಾನೆಯದೇ ಇರಬೇಕು, ಅದರ ದಾರಿಗಳನ್ನು ಕೊರೆದು ಹಿಗ್ಗಿಸುವಂತಿಲ್ಲ. ವಾಲ್ವಿನ ಅಳತೆ, ಇನ್‌ಟೇಕ್ ಮ್ಯಾನಿಫೋಲ್ಡ್, ಕಾರ್ಬ್ಯುರೇಟರಿನ ಜಾತಿ ಎಲ್ಲವೂ ಹಳೆಯದೇ. ಹಿಂದಿನ ಸ್ಲಿಕ್ ಟಯರಿನ ಅಗಲ 9 ಅಂಗುಲ ದಾಟಬಾರದು.  ಆದರೂ ಅಂದು 13-14 ಸೆಕೆಂಡಿನಲ್ಲಿ ಕಾಲು ಮೈಲಿ ಮುಗಿಸುತ್ತಿದ್ದ ಕಾರುಗಳು ಇಂದು ಇದೇ ನಿಯಮದಡಿ 10 ಸೆಕೆಂಡಿನ ಆಸುಪಾಸಿಗೆ ಬಂದಿವೆ. ಹೇಗೆ?

ಕ್ಯಾಮ್‌ಶಾಫ್ಟನ್ನೇ ನೋಡಿ. ವಾಲ್ವುಗಳನ್ನು ಎತ್ತಿ ಇಳಿಸುವ ದಂಡ ಅದು. ವಾಲ್ವು ಎಷ್ಟು ಮೇಲೇಳಬೇಕು ಎಂಬುದು ಕಾರ್ಖಾನೆಯ ಅಳತೆ ಮೀರಬಾರದು. ಎಷ್ಟು ಹೊತ್ತು ತೆರೆದಿರಬೇಕು ಎಂಬುದಕ್ಕೆ ಮಾತ್ರ ಕಟ್ಟಿಲ್ಲ. ಬಲ್ಲವನು ಆ ಸಂದಿಯಲ್ಲಿ ನುಗ್ಗುತ್ತಾನೆ. ಕ್ಯಾಮಿನ ಉಬ್ಬನ್ನು ಭುಜ ಅಗಲಿಸಿ ಕಡೆಸುತ್ತಾನೆ. ಆಗ ವಾಲ್ವು ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವ ಬದಲು ಒಮ್ಮೆಲೇ ಎದ್ದು, ಮಿತಿಯ ಎತ್ತರದಲ್ಲಿ ಸಾಧ್ಯವಾದಷ್ಟು ಹೊತ್ತು ನಿಂತು, ಒಮ್ಮೆಲೇ ಬಂದು ಕೂರುತ್ತದೆ. ಆ ಹೊಡೆತ ತಾಳಲು ಗಟ್ಟಿ ಸ್ಪ್ರಿಂಗ್ ಬೇಕು, ಸ್ಪ್ರಿಂಗಿಗೆ ನಿರ್ಬಂಧವಿಲ್ಲ. ಎತ್ತರ ಅದೇ, ಗಾಳಿ ಹೆಚ್ಚು. ಕ್ರೈಸ್ಲರ್ ಕಾರುಗಳ ಹಿಂಭಾಗದ ಕಮಾನ್ ಪಟ್ಟಿಗಳ ಕಥೆಯೂ ಇಂಥದೇ. ಆಕ್ಸಲಿನ ತಿರುಚಾಟಕ್ಕೆ ಬಲಗಡೆ ಟಯರು ಮೇಲೆದ್ದು ಹಿಡಿತ ಬಿಡುತ್ತದೆ ಎಂದು ಗೊತ್ತಿದ್ದ ಕಂಪನಿ, ಎಡಕ್ಕೊಂದು ಬಲಕ್ಕೊಂದು ಬೇರೆಬೇರೆ ಬಿಗಿಯ ಸೂಪರ್ ಸ್ಟಾಕ್ ಪಟ್ಟಿಗಳನ್ನೇ ಮಾರುತ್ತಿತ್ತು. ನಿಂತ ಕಾರು ನೋಡಲು ಒಂದು ಕಡೆ ವಾಲಿದಂತೆ, ಹೊರಟಾಗ ನೇರ. ಮುಂದಿನ ಎರಡೂ ಚಕ್ರ ಗಾಳಿಯಲ್ಲಿ. ಅಷ್ಟು ಕಿರಿದಾದ ಟಯರಿನ ಮೇಲೆ ಅಷ್ಟು ಭಾರದ ಕಾರನ್ನು ಎತ್ತಿ ನಿಲ್ಲಿಸುವುದು ಬರೀ ಪಿಕಪ್ ಇದ್ದರೆ ಆಗುವ ಮಾತಲ್ಲ.

ಗೆದ್ದವನ ಎಂಜಿನ್ ಬಿಚ್ಚಿ ನೋಡುವ ಪದ್ಧತಿಯೂ ಇದೆ. ಹೆಡ್ಡನ್ನು ಮಗುಚಿಟ್ಟು, ಚೇಂಬರಿನ ಬಾಯಿಗೆ ಪಾರದರ್ಶಕ ಪ್ಲಾಸ್ಟಿಕ್ ತಟ್ಟೆ ಮುಚ್ಚಿ, ತೂತಿನಿಂದ ಬ್ಯೂರೆಟ್ಟಿನಲ್ಲಿ ದ್ರವ ಬಿಡುತ್ತಾರೆ. ಕೊನೆಯ ಗಾಳಿಗುಳ್ಳೆ ಹೊರಬೀಳುವವರೆಗೆ ಎಷ್ಟು ಸಿಸಿ ಹಿಡಿಯಿತು ಎಂದು ಎಣಿಕೆ. ಕನಿಷ್ಠಕ್ಕಿಂತ ಕಡಿಮೆ ಬಂದರೆ ಗೆಲುವು ಹೋಯಿತು. ಬೇರೆ ಯಾವ ಕಲೆಯ ವಿಮರ್ಶಕನಿಗೂ ಇಷ್ಟು ಖಚಿತವಾದ ಅಳತೆಗೋಲು ಸಿಕ್ಕಿಲ್ಲ, ಹೊಟ್ಟೆಕಿಚ್ಚೇ ಆಗುತ್ತದೆ.

ಇಷ್ಟು ಹೊಗಳಿದ ಮೇಲೆ ತಕರಾರು. ಸ್ಟಾಕ್ ಎಲಿಮಿನೇಟರಿನ ಹೆಚ್ಚಿನ ಓಟಗಳು ಸರಿಸಮಾನ ಓಟಗಳಲ್ಲ. ಚಾಲಕ ತನ್ನ ಕಾರು ಎಷ್ಟು ಸೆಕೆಂಡಿನಲ್ಲಿ ಮುಗಿಸುತ್ತದೆಂದು ಮೊದಲೇ ಗಾಜಿನ ಮೇಲೆ ಬರೆಯುತ್ತಾನೆ. ನಿಧಾನದವನಿಗೆ ಹಸಿರು ದೀಪ ಮೊದಲು, ವೇಗದವನಿಗೆ ಆ ವ್ಯತ್ಯಾಸದಷ್ಟು ತಡವಾಗಿ. ಬರೆದದ್ದಕ್ಕಿಂತ ಬೇಗ ಮುಟ್ಟಿದರೆ ಸೋಲು. ಹೀಗಾಗಿ ಗೆರೆ ಹತ್ತಿರ ಬಂದಾಗ ಪಕ್ಕದ ಕಾರನ್ನು ಓರೆಗಣ್ಣಲ್ಲಿ ನೋಡುತ್ತ ಬ್ರೇಕ್ ಒತ್ತುವುದೇ ಒಂದು ಕೌಶಲ. ಕೌಶಲ ಹೌದು, ಅಲ್ಲವೆನ್ನಲಾರೆ. ಆದರೆ ವರ್ಷಗಟ್ಟಲೆ ಕ್ಯಾಮಿನ ಉಬ್ಬಿಗೆ ಬೆವರು ಸುರಿಸಿದ್ದು ಕೊನೆಗೆ ಬ್ರೇಕ್ ಒತ್ತುವುದಕ್ಕೆಯೇ?

ಇನ್ನೂ ಕೆಟ್ಟದ್ದಿದೆ. ಒಂದು ಜಾತಿಯ ಕಾರು ತನ್ನ ವರ್ಗಕ್ಕೆ ಗೊತ್ತುಮಾಡಿದ ಸಮಯಕ್ಕಿಂತ ತೀರಾ ಬೇಗ ಓಡಿದರೆ, ಅದರ ಕಾಗದದ ಅಶ್ವಶಕ್ತಿಯನ್ನು ಸಂಘ ಏರಿಸುತ್ತದೆ. ಆ ಎಂಜಿನ್ ಇಟ್ಟುಕೊಂಡ ಎಲ್ಲರಿಗೂ ತೂಕ ಹೆಚ್ಚುತ್ತದೆ ಅಥವಾ ವರ್ಗ ಬದಲಾಗುತ್ತದೆ. ನ್ಯಾಯವಾದ ನಿಯಮವೇ. ಆದರೆ ಪರಿಣಾಮ ಏನೆಂದರೆ, ಬಲವಾದ ಕಾರು ಇದ್ದವನು ಅದನ್ನು ತೋರಿಸದೆ ಬಚ್ಚಿಡುತ್ತಾನೆ. 1968ರಲ್ಲಿ ಕಂಪನಿ ಹೇಳಿದ ಸುಳ್ಳನ್ನೇ ಈಗ ಚಾಲಕ ಬಲಗಾಲಿನಿಂದ ಹೇಳುತ್ತಿದ್ದಾನೆ. ಒಂದೇ ವರ್ಗದ ಎರಡು ಕಾರು ಎದುರಾದಾಗ ಮಾತ್ರ ಈ ಮುಸುಕು ಸರಿಯುತ್ತದೆ. ಆಗ ಇಬ್ಬರಿಗೂ ದೀಪ ಒಟ್ಟಿಗೇ, ಬೇಗ ಮುಟ್ಟಿದರೆ ಶಿಕ್ಷೆಯಿಲ್ಲ. ಇಂಡಿಯಾನಾಪೊಲಿಸ್‌ನ ಯುಎಸ್ ನ್ಯಾಷನಲ್ಸ್‌ನಲ್ಲಿ ವರ್ಗವರ್ಗಕ್ಕೆ ನಡೆಯುವ ಇಂಥ ಓಟಗಳೇ ಈ ಕಸುಬಿನ ನಿಜವಾದ ಪರೀಕ್ಷೆ ಎಂದು ನನ್ನ ಅಭಿಪ್ರಾಯ. ಉಳಿದದ್ದು ಲೆಕ್ಕಾಚಾರದ ಜೂಜು. ಮುಖಾಮುಖಿ ಓಟವೇ ಬೇಕೆಂದವರ ಒತ್ತಾಯದಿಂದ 1970ರಲ್ಲಿ ಪ್ರೋ ಸ್ಟಾಕ್ ಹುಟ್ಟಿತು, ಅದರ ಮೊದಲ ರೇಸನ್ನು ಇದೇ ಜೆಂಕಿನ್ಸ್ ಗೆದ್ದ. ಬೀದಿಯ ಕಾರಿನ ನಂಟು ಅಲ್ಲಿ ಬಹುಬೇಗ ಕಳಚಿಹೋಯಿತು ಎಂಬುದು ಬೇರೆ ಮಾತು.

ಈಚೆಗೆ ಕಂಪನಿಗಳೂ ಮರಳಿ ಬಂದಿವೆ. ಫೋರ್ಡ್ 2008ರಲ್ಲಿ ಹೊಸ ಕೋಬ್ರಾ ಜೆಟ್ ತಂದಿತು. ಷೆವರ್ಲೆ 2012ರಲ್ಲಿ ಕೋಪೋ ಕಮಾರೋ ಕಾರುಗಳನ್ನು ಕಟ್ಟಿದ್ದು 69; 1969ರ ಝಡ್‌ಎಲ್1 ಕಮಾರೋ ಅಷ್ಟೇ ಇದ್ದವೆಂಬ ನೆನಪಿಗೆ. ಇವು ರಸ್ತೆಗೆ ಇಳಿಯಲು ಅರ್ಹವೇ ಅಲ್ಲ, ಕಾರ್ಖಾನೆಯಿಂದ ನೇರ ರೇಸ್ ಟ್ರ್ಯಾಕಿಗೆ. ಹಣವಿದ್ದರೆ ಸಾಕು, ಹಳೆಯ ಪಟ್ಟಿ ಓದಬೇಕಿಲ್ಲ. ನನಗೆ ಇವುಗಳ ಮೇಲೆ ಅಷ್ಟೇನೂ ಪ್ರೀತಿ ಇಲ್ಲ. ಕೆಳಗಿನ ವರ್ಗಗಳಲ್ಲಿ ಸಂಸಾರಸ್ಥರ ಹಳೆಯ ಸ್ಟೇಷನ್ ವ್ಯಾಗನ್ ಓಡಿಸುವವರೇ ಇಷ್ಟ. ಹಿಂದೆ ತೂಕ ಜಾಸ್ತಿ ಇರುವುದರಿಂದ ವ್ಯಾಗನ್ನಿನ ಟಯರು ನೆಲ ಕಚ್ಚುತ್ತದೆ ಎಂದು ಕಂಡುಕೊಂಡವನ ತಲೆಗೆ ಒಂದು ಸಲಾಮು.

ಹಳೆಯ ಕಾರನ್ನು ಹೀಗೆ ಮಾರ್ಪಡಿಸುವುದು ಅದನ್ನು ಹಾಳುಮಾಡಿದ ಹಾಗಲ್ಲವೇ ಎಂದು ಸಂಗ್ರಾಹಕರು ಕೇಳುತ್ತಾರೆ. ಪ್ರಶ್ನೆ ಸುಮ್ಮನೆ ಹುಟ್ಟಿದ್ದಲ್ಲ: ಸುರಕ್ಷತೆಗೆಂದು, 11.49 ಸೆಕೆಂಡಿಗೆ ಇಳಿದರೆ ಕಾರಿನೊಳಗೆ ರೋಲ್ ಬಾರ್, 10ರ ಒಳಗೆ ಹೋದರೆ ಪೂರಾ ಕೇಜ್. ಅದರ ಕೊಳವೆಗಳನ್ನು ಕಾರಿನ ನೆಲಕ್ಕೆ ಬಿಗಿಯಲೇಬೇಕು, ಅವನ್ನು ಕಿತ್ತರೂ ಗಾಯ ಉಳಿಯುತ್ತದೆ. ಚಾಸಿ ನಂಬರಿಗೆ ಎಂಜಿನ್ ನಂಬರು ಹೊಂದುವ ಅಸಲಿ ಕೋಬ್ರಾ ಜೆಟ್ಟಿಗೆ ಹೀಗೆ ಮಾಡುವುದು ನನ್ನ ದೃಷ್ಟಿಯಲ್ಲಿ ಅಪರಾಧ, ಅದಕ್ಕಿಂತ ಹೆಚ್ಚಾಗಿ ಅನಗತ್ಯ. ಆ ವರ್ಷ ಆ ಬಾಡಿಯಲ್ಲಿ ಆ ಎಂಜಿನ್ ಕಂಪನಿ ಕೊಟ್ಟಿತ್ತು ಎಂದಾದರೆ ಸಾಕು, ಆರು ಸಿಲಿಂಡರಿನ ಸಾಮಾನ್ಯ ಮಸ್ಟಾಂಗನ್ನು ತಂದು 428 ಕೂರಿಸಿದರೂ ಎನ್‌ಎಚ್‌ಆರ್‌ಎ ತಕರಾರು ಮಾಡುವುದಿಲ್ಲ. ಟ್ರ್ಯಾಕಿನ ಮೇಲೆ ಚಕ್ರ ಎತ್ತುವ ಎಷ್ಟೋ ಕಾರುಗಳು ಹುಟ್ಟಿದ್ದು ಹಾಗೆ, ಯಾರೂ ಗ್ಯಾರೇಜಿನಲ್ಲಿ ಮುಚ್ಚಿಟ್ಟು ಕಾಪಾಡದ ಅಗ್ಗದ ಬಾಡಿಗಳಿಂದ.