ತಮಾಷೆಯಾಗಿ ಕಂಡದ್ದು

ಸಿದ್ದಲಿಂಗಯ್ಯನವರ ‘ಊರುಕೇರಿ’ ಓದಿದವರು ಮೊದಲು ಹೇಳುವ ಮಾತು, ‘ಎಷ್ಟು ನಗಿಸುತ್ತಾರೆ!’ ಎಂದು. ಮಾತು ಸುಳ್ಳಲ್ಲ. ಅವರ ಕಾಲೇಜು ದಿನಗಳ ಗೆಳೆಯ ಡಿ.ಆರ್. ನಾಗರಾಜ್ ಈ ಆತ್ಮಕಥೆಯ ಬಗ್ಗೆ ಬರೆದ ಲೇಖನದ ಹೆಸರೇ ‘ಬಡವರ ನಗುವಿನ ಶಕ್ತಿ’. ಆದರೆ ಆ ಮೂರು ಪದಗಳಲ್ಲಿ ನಾವು ನಗುವನ್ನು ಮಾತ್ರ ಇಟ್ಟುಕೊಂಡು ಉಳಿದೆರಡನ್ನು ಕೈಬಿಟ್ಟೆವೇನೋ ಎಂಬ ಅನುಮಾನ ನನಗೆ ಬಹಳ ದಿನಗಳಿಂದ ಇದೆ.

ಪುಸ್ತಕದ ಮೊದಲ ಪುಟವನ್ನೇ ನೋಡಿ. ಹೊಲದಲ್ಲಿ ಇಬ್ಬರು ಎತ್ತುಗಳಂತೆ ನೊಗ ಹೊತ್ತಿದ್ದಾರೆ, ಮೂರನೆಯವನು ಉಳುತ್ತಿದ್ದಾನೆ. ನೋಡುತ್ತಿರುವ ಹುಡುಗನಿಗೆ ಅದು ಮೊದಲು ತಮಾಷೆಯಾಗಿ ಕಾಣುತ್ತದೆ. ನೊಗ ಹೊತ್ತ ಇಬ್ಬರಲ್ಲಿ ಒಬ್ಬರು ತನ್ನ ಅಪ್ಪನೇ ಎಂದು ತಿಳಿದಾಗ ಅದು ಸಂಕಟವಾಗುತ್ತದೆ. ಇಡೀ ಪುಸ್ತಕವನ್ನು ಓದುವ ಕೀಲಿಕೈ ಇಲ್ಲಿದೆ ಎಂಬುದು ನನ್ನ ನಂಬಿಕೆ. ಮೊದಲು ತಮಾಷೆ, ಆಮೇಲೆ ಗುರುತು. ನೊಗ ಹೊತ್ತವನು ಯಾರೆಂದು ಕೇಳದೆ ನಕ್ಕು ಮುಂದೆ ಹೋದವರು ಅರ್ಧ ಪುಸ್ತಕ ಓದಿದಂತೆ.

1954ರಲ್ಲಿ ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಈ ಹುಡುಗ ಬೆಂಗಳೂರಿಗೆ ಬಂದು ಶ್ರೀರಾಮಪುರದಲ್ಲಿ, ಗೋಪಾಲಪುರದ ಹಾಸ್ಟೆಲಿನಲ್ಲಿ ಬೆಳೆದ. ಓದಲು ನೆಮ್ಮದಿಯ ಜಾಗ ಸಿಕ್ಕಿದ್ದು ಸ್ಮಶಾನದಲ್ಲಿ. ಇದೂ ಕೇಳಲು ತಮಾಷೆಯೇ. ಊರಿನಲ್ಲೆಲ್ಲೂ ಜಾಗವಿಲ್ಲದವನಿಗೆ ಸತ್ತವರು ಜಾಗ ಬಿಟ್ಟರು ಎಂದು ಹೊಳೆದಾಗ ಮಾತ್ರ ನಗು ಗಂಟಲಲ್ಲಿ ನಿಲ್ಲುತ್ತದೆ. ಮುಂದೆ ಸರ್ಕಾರಿ ಕಲಾ ಕಾಲೇಜು, ಚರ್ಚಾಸ್ಪರ್ಧೆ, ಭಾಷಣ, ಮೆರವಣಿಗೆ. ಈ ವಿದ್ಯಾರ್ಥಿಗೆ ರಾಜಕೀಯ ಬೇರೆ, ಓದು ಬೇರೆ, ಕವಿತೆ ಬೇರೆ ಆಗಿರಲಿಲ್ಲ. ವೇದಿಕೆಯ ಮೇಲೆ ಪಳಗಿದ ನಾಲಿಗೆಯೇ 1975ರಲ್ಲಿ ‘ಹೊಲೆಮಾದಿಗರ ಹಾಡು’ ಸಂಕಲನವಾಗಿ ಬಂತು.

ನಡುವೆ 1973ರ ನವೆಂಬರ್ ಇದೆ. ದೇವರಾಜ ಅರಸು ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದ ಬಹುಭಾಗ ಬೂಸಾ ಎಂದರು. ಕಾಲೇಜು ವಿದ್ಯಾರ್ಥಿಗಳು ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಸಚಿವರು ರಾಜೀನಾಮೆ ಕೊಡಬೇಕಾಯಿತು. ಅವರ ಪರವಾಗಿ ನಿಂತ ತರುಣರಲ್ಲಿ ಸಿದ್ದಲಿಂಗಯ್ಯನವರೂ ಒಬ್ಬರು. ದಲಿತ ಸಂಘರ್ಷ ಸಮಿತಿಯ ಬೇರು ಈ ಗಲಾಟೆಯ ನೆಲದಲ್ಲೇ ಇದೆ.

ಆ ಭಾಷಣದಲ್ಲಿ ಊರಿಗೆಲ್ಲ ತಲುಪಿದ್ದು ಒಂದೇ ಒಂದು ಪದ. ಬೂಸಾ ಎಂದರೇನೆಂದು ದನ ಕಟ್ಟಿದ ಪ್ರತಿ ಮನೆಗೂ ಗೊತ್ತು. ಸಾಹಿತ್ಯದಲ್ಲಿ ತಮ್ಮ ಬದುಕು ಯಾಕಿಲ್ಲ ಎಂಬ ಪ್ರಶ್ನೆ ಮಾತ್ರ ಹಿಂದೆ ಬಿತ್ತು. ಈಗಿನ ಮಕ್ಕಳ ಮೊಬೈಲಿನಲ್ಲಿ ಅರ್ಧ ನಿಮಿಷದ ಭಾಷಣದ ತುಣುಕು ಬಂದಾಗ ನಾನು ಈ ಕತೆ ಹೇಳುತ್ತೇನೆ. ಪದ ಕೇಳಿಸಿಕೊಂಡಿರಿ, ಮಾತು ಕೇಳಿದಿರಾ ಎನ್ನುತ್ತೇನೆ.

ನಾನು ಪಾಠ ಹೇಳುವುದು ಪೀಣ್ಯ ಕೈಗಾರಿಕಾ ಪ್ರದೇಶದ ಪಕ್ಕದಲ್ಲಿ. ಲೇತ್ ಮೆಷಿನ್ನಿನಲ್ಲಿ ದುಡಿಯುವವರ, ಗಾರ್ಮೆಂಟ್ಸಿನಲ್ಲಿ ಹೊಲಿಯುವವರ ಮಕ್ಕಳು ನಮ್ಮ ಶಾಲೆಗೆ ಬರುತ್ತಾರೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈಗ ಬಿ.ಎ. ಓದುತ್ತಿದ್ದಾಳೆ. ಕಾಲೇಜಿನ ವಾರ್ಷಿಕ ಸಂಚಿಕೆಗೆ ಅವಳೊಂದು ಲೇಖನ ಕೊಟ್ಟಳು. ಪಾಳಿ ಮುಗಿಸಿ ಬಂದ ಅಮ್ಮನ ಕಾಲು ಊದಿಕೊಂಡಿರುವುದು, ಬಸ್ ಪಾಸಿಗಾಗಿ ತಾನು ಸಾಲಿನಲ್ಲಿ ನಿಂತದ್ದು, ಅಷ್ಟೇ ವಿಷಯ. ‘ಇದು ರಾಜಕೀಯ ಆಯ್ತಮ್ಮ, ನಿಸರ್ಗದ ಮೇಲೆ ಏನಾದರೂ ಬರೆದುಕೊಡು’ ಎಂದು ಹಿಂದಿರುಗಿಸಿದರಂತೆ. ‘ಅಮ್ಮನ ಕಾಲು ರಾಜಕೀಯಾನಾ ಮಿಸ್?’ ಎಂದು ಅವಳು ನನ್ನನ್ನು ಕೇಳಿದಳು. ‘ಹೌದು ಕಣೇ, ಅದೇ ರಾಜಕೀಯ’ ಎಂದು ಹೇಳಿ ‘ಊರುಕೇರಿ’ ಕೊಟ್ಟೆ.

ವಾರದ ಮೇಲೆ ಪುಸ್ತಕ ತಂದುಕೊಟ್ಟಳು. ‘ಚೆನ್ನಾಗಿದೆ ಮಿಸ್. ಆದರೆ ಇದು ಹುಡುಗರ ಹಾಸ್ಟೆಲು. ರಾತ್ರಿ ಸ್ಮಶಾನದಲ್ಲಿ ಕೂತು ಓದೋಕೆ ನಮ್ಮನ್ನ ಯಾರು ಬಿಡ್ತಾರೆ?’ ಎಂದಳು. ಈ ಪುಸ್ತಕದ ಮೇಲೆ ನಾನು ಕೇಳಿದ ವಿಮರ್ಶೆಗಳಲ್ಲಿ ಇದಕ್ಕಿಂತ ಒಳ್ಳೆಯದಿಲ್ಲ. ಅಲೆಯುವ ಸ್ವಾತಂತ್ರ್ಯ ಇದ್ದವನಿಗೆ ಬಡತನವೂ ಕತೆಯಾಗಿ ಒದಗುತ್ತದೆ. ಕತ್ತಲಾಗುವ ಮೊದಲು ಮನೆ ಸೇರಿ ಅಕ್ಕಿ ಆರಿಸಬೇಕಾದವಳಿಗೆ ಅದು ಅಷ್ಟು ಸುಲಭವಾಗಿ ನಗುವಾಗುವುದಿಲ್ಲ. ನನಗೆ ಇನ್ನೂ ಒಂದು ತಕರಾರಿದೆ. ಒಂದು ಪ್ರಸಂಗ ಮನಸ್ಸಿಗೆ ಇಳಿಯುವಷ್ಟರಲ್ಲಿ ಲೇಖಕರು ಇನ್ನೊಂದಕ್ಕೆ ಹೊರಡುತ್ತಾರೆ. ಪೆಟ್ಟು ತಿಂದ ಜಾಗದಲ್ಲಿ ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು ಅನ್ನಿಸುತ್ತದೆ.

ಆದರೂ ಈ ಪುಸ್ತಕವನ್ನು ನಾನು ಮಕ್ಕಳ ಕೈಗೆ ಕೊಡುತ್ತಲೇ ಇರುತ್ತೇನೆ. ತನ್ನ ಮನೆಯ ಸಂಗತಿ ಬರೆಯಲು ಯಾರ ಅಪ್ಪಣೆಯೂ ಬೇಕಿಲ್ಲ ಎಂಬುದನ್ನು ಇಷ್ಟು ಸರಳವಾಗಿ ಕಲಿಸುವ ಪಠ್ಯ ನನ್ನ ಬಳಿ ಬೇರೆ ಇಲ್ಲ. ಸಿದ್ದಲಿಂಗಯ್ಯನವರು 2021ರ ಜೂನ್‌ನಲ್ಲಿ ತೀರಿಕೊಂಡರು. ಮರುವರ್ಷ ಮರಣೋತ್ತರವಾಗಿ ಪದ್ಮಶ್ರೀ ಬಂತು. ಗೌರವ ಸಂದದ್ದು ಒಳ್ಳೆಯದೇ. ಆದರೆ ಕಾಲೇಜಿನ ಮೇಷ್ಟರುಗಳಲ್ಲಿ ನನ್ನದೊಂದು ಬೇಡಿಕೆ: ಅವರ ಜಯಂತಿಗೆ ಹಾರ ಹಾಕುವ ಮುಂಚೆ ನಿಮ್ಮ ವಾರ್ಷಿಕ ಸಂಚಿಕೆಯಿಂದ ಹಿಂದಿರುಗಿಸಿದ ಲೇಖನಗಳನ್ನು ಇನ್ನೊಮ್ಮೆ ಓದಿ. ಅವುಗಳಲ್ಲಿ ಯಾರ ಅಪ್ಪ ನೊಗ ಹೊತ್ತಿದ್ದಾನೋ ನೋಡಿ.