ಅಮೆರಿಕದ ಇತಿಹಾಸ: ಪೀಠ ಮತ್ತು ಹುದ್ದೆ

ಆಕ್ಸ್‌ಫರ್ಡಿನ ಹಾರ್ಮ್ಸ್‌ವರ್ತ್ ಪೀಠದಲ್ಲಿ ಸ್ಯಾಮ್ಯುಯಲ್ ಎಲಿಯಟ್ ಮಾರಿಸನ್ನರು 1922ರಲ್ಲಿ ಅಮೆರಿಕದ ಇತಿಹಾಸದ ಮೊದಲ ಪ್ರಾಧ್ಯಾಪಕರಾದರು. ಕೇಂಬ್ರಿಜ್ಜಿನ ಪಿಟ್ ಪೀಠವು 1944ರದು. ಎರಡನ್ನೂ ಹೆಚ್ಚಾಗಿ ಅಮೆರಿಕದ ಅತಿಥಿ ವಿದ್ವಾಂಸರೇ ಅಲಂಕರಿಸುತ್ತ ಬಂದಿದ್ದಾರೆ. ವಿಷಯಕ್ಕೆ ಇದರಿಂದ ಗೌರವವೇನೋ ದೊರೆಯಿತು. ಆದರೆ ಅಲ್ಲಿಯ ತರುಣ ಸಂಶೋಧಕನ ಜೀವನೋಪಾಯಕ್ಕೆ ಆಧಾರವಾಗುವುದು ಅತಿಥಿಪೀಠವಲ್ಲ, ವಿಭಾಗದ ಸ್ಥಿರವಾದ ಅಧ್ಯಾಪಕ ಹುದ್ದೆ. ಲಂಡನ್ನಿನಲ್ಲಿ 1930ರಿಂದ ಕಾಲು ಶತಮಾನ ಈ ವಿಷಯದ ಪ್ರಾಧ್ಯಾಪಕರಾಗಿದ್ದ ಹೇಲ್ ಬೆಲಟ್ ಆಂಗ್ಲರೇ ಎಂಬುದು ಗಮನಾರ್ಹ.

ನಮ್ಮಲ್ಲಿ ಪೀಠವಿರಲಿ, ಹುದ್ದೆಯ ಮಾತೂ ವಿರಳ. ಅಮೆರಿಕದ ಕ್ರಾಂತಿ, ಅಂತರ್ಯುದ್ಧಗಳು ಪಾಠವಾಗಿವೆ. ಅಧ್ಯಾಪಕನಾಗಲು ಬರೆಯಬೇಕಾದ ನೆಟ್ ಪರೀಕ್ಷೆಯ ಇತಿಹಾಸವಾದರೋ ಬಹುತೇಕ ಭಾರತದ್ದೇ. ಕೆರೆಬಿಳಚಿಯ ವಿದ್ಯಾರ್ಥಿಯೊಬ್ಬನು ಅಮೆರಿಕವನ್ನು ಆರಿಸಿಕೊಳ್ಳಲೇ ಎಂದು ಕೇಳಿದರೆ ಬೇಡವೆನ್ನಲು ಮನಸ್ಸೊಪ್ಪದು. ಆಗಲಿ ಎಂದರೆ, ಯಾವ ಹುದ್ದೆಗೆ ಅರ್ಜಿ ಹಾಕಲಿ ಎಂಬ ಮರುಪ್ರಶ್ನೆಗೆ ಉತ್ತರವಿಲ್ಲ.

ವಿಷಯವು ನಮಗೆ ದೂರದ್ದೆಂಬ ಸಮಾಧಾನವನ್ನು ನಾನು ಒಪ್ಪಲಾರೆ. 1861-65ರ ಅಂತರ್ಯುದ್ಧದಲ್ಲಿ ಅಮೆರಿಕದ ಹತ್ತಿಯು ಲ್ಯಾಂಕಾಷೈರಿನ ಗಿರಣಿಗಳಿಗೆ ಬಾರದಾದಾಗ ಧಾರವಾಡ ಸೀಮೆಯ ಹತ್ತಿಯ ಬೆಲೆ ಏರಿತು, ಯುದ್ಧಾನಂತರ ಕುಸಿಯಿತು. ನ್ಯೂ ಆರ್ಲಿಯನ್ಸ್ ಬೀಜದಿಂದ ಬಂದ 'ಧಾರವಾಡ-ಅಮೆರಿಕನ್' ತಳಿಯು ಅದಕ್ಕೂ ಮೊದಲೇ ಇಲ್ಲಿ ನೆಲೆಗೊಂಡಿತ್ತು. ಈ ಕಥೆಯನ್ನು ಎರಡೂ ಕಡೆಯ ದಾಖಲೆಗಳಿಂದ ಬರೆಯಲು ಕನ್ನಡ ಬಲ್ಲ ಅಮೆರಿಕದ ಇತಿಹಾಸಜ್ಞನೇ ಬೇಕು. ಗ್ರಂಥಗಳಿಗೆಂದು 1964ರಲ್ಲಿ ಹೈದರಾಬಾದಿನಲ್ಲಿ ಅಮೆರಿಕನ್ ಅಧ್ಯಯನ ಸಂಶೋಧನ ಕೇಂದ್ರವೇ ಏರ್ಪಟ್ಟಿತ್ತು. ಅಲ್ಲಿ ಓದಿ ಬಂದವನಿಗೆ ಕಾದಿದ್ದುದು ಮಾತ್ರ ಭಾರತದ ಇತಿಹಾಸದ ಪಾಠವೇ. ವಿಭಾಗಕ್ಕೊಂದಾದರೂ ಹುದ್ದೆಯ ಪ್ರಕಟಣೆಯಲ್ಲಿ ಭಾರತೇತರ ಇತಿಹಾಸವೆಂದು ಸ್ಪಷ್ಟವಾಗಿ ನಮೂದಿಸುವುದು ವಿಶ್ವವಿದ್ಯಾನಿಲಯಗಳಿಗೆ ಅಸಾಧ್ಯವೇನಲ್ಲ.